ಎಲೆ ಮಡಚಿದ ಮೇಲೆ

ನಿನ್ನೆ ನೆಂಟರ ಮನೆ ಗೃಹಪ್ರವೇಶ, ಮೂರನೇ ಪಂಕ್ತಿ. ಪಕ್ಕದ ಎಲೆಗೆ ನನ್ನ ಅಣ್ಣನ ಮಗಳು, ಮೊದಲ ಪಿಯುಸಿ. ಹೋಳಿಗೆ ಬಡಿಸುತ್ತಾ ಬಂದ ನಮ್ಮ ದೊಡ್ಡತ್ತೆ, 'ಏನೇ ಹೀಗ್ ಊದ್ಕೊಂಡಿದೀಯ, ನಾಳೆ ಯಾರೇ ನಿನ್ನ ಒಪ್ಕೊಳ್ಳೋದು?' ಅಂದವರೇ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು ಮುಂದೆ ಹೋದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹುಡುಗಿಯೂ ನಕ್ಕಳು. ಆಮೇಲೆ ಹೋಳಿಗೆ ಚಿವುಟಿ ಚಿವುಟಿ ಕೋಸಂಬರಿ ಕೆಳಗೆ ಸೇರಿಸಿ, ಮಜ್ಜಿಗೆ ಬರೋ ಮೊದಲೇ ಎಲೆ ಮಡಚಿಬಿಟ್ಟಳು.

ನನಗೆ ಮೈಯೆಲ್ಲ ಉರೀತು. ಇನ್ನೂ ಉರೀತಿದೆ.

ನಮ್ಮಲ್ಲಿ ಯೋಗಕ್ಷೇಮ ಕೇಳೋದು ಅಂದ್ರೆ ಮೈ ತೂಗೋದು. ತೆಳ್ಳಗಿದ್ರೆ 'ಮನೇಲಿ ಊಟ ಹಾಕಲ್ವಾ?' ದಪ್ಪಗಿದ್ರೆ 'ಯಾವ ಅಂಗಡಿ ಅಕ್ಕಿನಮ್ಮಾ?' ಕೇಳಿದವರ ಹೊಟ್ಟೆಯನ್ನ ಮಾತ್ರ ಯಾರೂ ನೋಡೋ ಹಾಗಿಲ್ಲ, ಅದು ವಯಸ್ಸಿನ ಗೌರವ.

'ಎಲ್ಲಾ ಆ ರೀಲ್ಸ್ ಹಾವಳಿ' ಅಂತೀರಿ. ಇರಬಹುದು. ಫಿಜಿ ದ್ವೀಪದಲ್ಲಿ ಮೈಕೈ ತುಂಬಿಕೊಂಡಿರೋದೇ ಚೆಂದ ಅನ್ನೋ ಕಾಲವಿತ್ತು, ಯಾರಾದ್ರೂ ಸೊರಗಿದ್ರೆ ಊರೇ ಚಿಂತೆ ಮಾಡೋದು. ಅಲ್ಲಿನ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟೀವಿ ಬಂತು. ಆ್ಯನ್ ಬೆಕರ್ ಅನ್ನೋ ಸಂಶೋಧಕಿ ಹೈಸ್ಕೂಲ್ ಹುಡುಗಿಯರನ್ನ ಆಗೊಮ್ಮೆ, 1998ರಲ್ಲಿ ಇನ್ನೊಮ್ಮೆ ವಿಚಾರಿಸಿದರು. ತೂಕ ಇಳಿಸೋಕೆ ಬೇಕಂತಲೇ ವಾಂತಿ ಮಾಡ್ಕೊಳ್ತೀವಿ ಅಂದವರು ಮೊದಲು ಒಬ್ಬರೂ ಇರಲಿಲ್ಲ. ಮೂರೇ ವರ್ಷಕ್ಕೆ ನೂರಕ್ಕೆ ಹನ್ನೊಂದು. ಸರಿ, ಟೀವಿಯದೇ ತಪ್ಪು. ಆದ್ರೆ ಅಲ್ಲಿ ಟೀವಿಯಾದ್ರೂ ಬರಬೇಕಾಯ್ತು, ನಮ್ಮನೇಲಿ ದೊಡ್ಡತ್ತೆಯೇ ಸಾಕು.

ಇನ್ನು 'ನಮಗೂ ಅಂದಿದ್ರು, ನಮಗೇನಾಯ್ತು?' ಅನ್ನೋರಿಗೆ, ನನಗೇನಾಯ್ತು ಹೇಳ್ತೀನಿ ಕೇಳಿ. ನನ್ನ ನೋಡೋಕೆ ಗಂಡಿನವರು ಬರ್ತಾರೆ ಅಂತ ಗೊತ್ತಾದ ತಿಂಗಳು, ಗೆಳತಿ ಮನೇಲಿ ಊಟ ಆಯ್ತು ಅಂತ ಅಮ್ಮನಿಗೆ ದಿನಾ ರಾತ್ರಿ ಸುಳ್ಳು ಹೇಳಿ, ಬಿಸಿನೀರು ಕುಡಿದು ಮಲಗ್ತಿದ್ದೆ. ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗ ಕಣ್ಣು ಕತ್ತಲೆ ಬಂದು ಬಾಗಿಲು ಹಿಡ್ಕೊಂಡೆ. ಹುಡುಗಿಗೆ ನಾಚಿಕೆ ಜಾಸ್ತಿ ಅಂತ ಬಹಳ ಮೆಚ್ಕೊಂಡ್ರು.

ರಾತ್ರಿ ಅವಳಿಗೆ 'ಊಟ ಆಯ್ತಾ ಪುಟ್ಟಾ?' ಅಂತ ಮೆಸೇಜ್ ಹಾಕಿದೆ. ತುಂಬಾ ಹೊತ್ತಾದ ಮೇಲೆ ಉತ್ತರ ಬಂತು: 'ಅತ್ತೆ, ನೀವು ಹಾಕಿರೋ ಗೌರಿ ಹಬ್ಬದ ನನ್ನ ಫೋಟೋ ಡಿಲೀಟ್ ಮಾಡಿಬಿಡ್ತೀರಾ, ಪ್ಲೀಸ್.'

ಹುಡುಕಿ ನೋಡಿದೆ. ಅದರ ಮೇಲೆ 'ನಮ್ಮನೆ ಬನ್ ಕೆನ್ನೆ' ಅಂತ ಬರೆದವಳು ನಾನೇ. ನಿಮ್ಮಲ್ಲಿ ಬಹಳ ಜನ ನಗೋ ಎಮೋಜಿ ಒತ್ತಿದ್ದಿರಿ.