ಎಂ ಇರ್ಲಿ, ಯಾವುದಕ್ಕೂ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಶಿವಮೊಗ್ಗದಲ್ಲಿ ಪಾಸಾದ ಮಕ್ಕಳನ್ನು ಬಿಟ್ಟು ಮಿಕ್ಕವರೆಲ್ಲ ಗಣಿತದ ಬಗ್ಗೆ ಮಾತಾಡುತ್ತಾರೆ. ಗೋಪಿ ಸರ್ಕಲ್ಲಿನ ಚಹಾ ಗಿರಾಕಿ, ಮದುವೆಮನೆ ಪಂಕ್ತಿಯ ಪಕ್ಕದೆಲೆಯವರು, ಹೈಸ್ಕೂಲು ಮುಗಿಸದ ದೊಡ್ಡಪ್ಪ, ಎಲ್ಲರದೂ ಒಂದೇ ಪ್ರಶ್ನೆ: "ಯಾವ ಕಾಂಬಿನೇಶನ್?" ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಉತ್ತರ ಕೊಟ್ಟಾಗಿರುತ್ತದೆ. "ಪಿಸಿಎಂಬಿ. ಡಾಕ್ಟರ್ ಮಾಡ್ಬೇಕು ಅಂತ. ಆದ್ರೂ ಎಂ ಇರ್ಲಿ, ಯಾವುದಕ್ಕೂ."

ಡಾಕ್ಟರಾಗಲು ಬರೆಯುವ ನೀಟ್‌ನಲ್ಲಿ ಆ ಎಂ, ಅಂದರೆ ಗಣಿತದ ಪ್ರಶ್ನೆಪತ್ರಿಕೆಯೇ ಇಲ್ಲ. ಆದರೇನಂತೆ? ಕೊಳೆರೋಗ ಬರುತ್ತೋ ಬಿಡುತ್ತೋ, ಮಳೆಗೆ ಮೊದಲೇ ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆದಿಡುವ ಜನ ನಾವು. ಮಕ್ಕಳಿಗೂ ಎರಡು ವರ್ಷ ಇಂಟಿಗ್ರೇಶನ್ ಹೊಡೆದಿಡುತ್ತೇವೆ. ನೀಟ್ ಕೈಕೊಟ್ಟರೆ ಸಿಇಟಿ ಬರೆದು ಎಂಜಿನಿಯರಾದರೂ ಆಗಲಿ. ಇಷ್ಟಪಟ್ಟು ಗಣಿತ ತೆಗೆದುಕೊಂಡ ಮಗು ಎಲ್ಲಾದರೂ ಸಿಕ್ಕರೆ ದಯವಿಟ್ಟು ಬಿ.ಎಚ್. ರಸ್ತೆಯಲ್ಲಿ ಅದರದ್ದೊಂದು ಫ್ಲೆಕ್ಸ್ ಹಾಕಿಸಿ.

ಆ ಅಪ್ಪನನ್ನೇ ವಿಚಾರಿಸಿ ನೋಡಿ. "ನಂಗೆ ಲೆಕ್ಕ ತಲೆಗೆ ಹತ್ಲಿಲ್ಲ ಮಾರಾಯ್ರೆ" ಅನ್ನುತ್ತಾರೆ. ಎಂಥ ವಿನಯ! ಅಡಿಕೆ ಮಂಡಿಯಲ್ಲಿ ಇದೇ ಮನುಷ್ಯ ರಾಶಿಗೆ ಇಷ್ಟು, ಬೆಟ್ಟೆಗೆ ಇಷ್ಟು, ಗೊರಬಲಿಗೆ ಇಷ್ಟು ಅಂತ ಒಂದೊಂದು ಬಗೆಯ ಅಡಿಕೆಗೂ ದರ ಹಿಡಿದು, ಮುಂಗಡದ ಬಡ್ಡಿ ಕಳೆದು, ಹಮಾಲಿ ಕಳೆದು, ಸೊಸೈಟಿ ಸಾಲದ ಕಂತನ್ನೂ ಕಳೆದು, ಕೈಗೆ ಬರುವುದೆಷ್ಟೆಂದು ಗುಮಾಸ್ತರು ಕ್ಯಾಲ್ಕುಲೇಟರ್ ಹುಡುಕುವ ಮೊದಲೇ ಹೇಳಿರುತ್ತಾರೆ. ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಡುವಾಗ ಮರದ ಮೇಲಿನ ಹಸಿ ಕೊನೆ ನೋಡಿಯೇ ಒಣಗಿದ ಮೇಲೆ ಎಷ್ಟು ಕ್ವಿಂಟಾಲ್ ಎಂದು ಅಂದಾಜಿಸುತ್ತಾರೆ. ಅವರ ಹೆಂಡತಿ ಸ್ವಸಹಾಯ ಸಂಘದ ಬಡ್ಡಿ ಲೆಕ್ಕವನ್ನು ಪೈಸೆ ತಪ್ಪದೆ ಬರೆಯುತ್ತಾರೆ. ಮಗಳಿಗೆ ಮಾತ್ರ ಇಬ್ಬರೂ ಸೇರಿ ಹೇಳುವುದು: "ನಮ್ಮನೆಯೋರಿಗೆ ಮ್ಯಾಥ್ಸ್ ಆಗಿ ಬರಲ್ಲ ಪುಟ್ಟಿ."

ದಿಲ್ಲಿಯವರ ಜಾಣತನದ ಮುಂದೆ ಇದೇನೂ ಅಲ್ಲ ಬಿಡಿ. ಸಿಬಿಎಸ್‌ಇ 2020ರ ಹತ್ತನೇ ತರಗತಿ ಪರೀಕ್ಷೆಯಿಂದ ಗಣಿತವನ್ನು ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ಹೋಳು ಮಾಡಿತು. ಪಠ್ಯ ಒಂದೇ, ಪಾಠ ಒಂದೇ, ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಬೇಸಿಕ್ ಬರೆದವರು ಹನ್ನೊಂದರಲ್ಲಿ ಗಣಿತ ತೆಗೆದುಕೊಳ್ಳುವಂತಿಲ್ಲ ಎಂದರು. ಕೋವಿಡ್ ಬಂದಾಗ, ಈ ಸಲ ತಗೊಳ್ಳಿ ಎಂದರು. ಕೋವಿಡ್ ಹೋದ ಮೇಲೂ ವಿನಾಯಿತಿ ಮುಂದುವರಿಯಿತು. ವಿದ್ಯಾರ್ಥಿಗೆ ಸಾಮರ್ಥ್ಯವಿದೆಯೆಂದು ಪ್ರಾಂಶುಪಾಲರಿಗೆ ಮನವರಿಕೆಯಾದರೆ ಸಾಕಂತೆ. ಹಾಗಾದರೆ ಆ ಎರಡು ಬಗೆಯ ಪರೀಕ್ಷೆ ನಡೆಸಿದ್ದು ಯಾವ ಸಂಭ್ರಮಕ್ಕೆ? ನಮ್ಮ ಪಿಯುಸಿಯಲ್ಲೂ ಒಂದು ಬೇಸಿಕ್ ಮ್ಯಾಥ್ಸ್ ಇದೆ, ಅದು ಕಾಮರ್ಸಿನವರದ್ದು. ಗೊಂದಲ ಬೇಡ. ಅಥವಾ ಇರ್ಲಿ, ಯಾವುದಕ್ಕೂ.

2021ರಲ್ಲಿ ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆಯ ಎಐಸಿಟಿಇ ತನ್ನ ಕೈಪಿಡಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಂಜಿನಿಯರಿಂಗ್ ಸೇರಲು ಗಣಿತ ಓದಿರಲೇಬೇಕೆಂದಿಲ್ಲ, ಪಟ್ಟಿಯಲ್ಲಿರುವ 14 ವಿಷಯಗಳಲ್ಲಿ ಯಾವುದಾದರೂ ಮೂರಿದ್ದರೆ ಸಾಕು, ಉಳಿದದ್ದನ್ನು ಬ್ರಿಜ್ ಕೋರ್ಸಿನಲ್ಲಿ ನೋಡಿಕೊಳ್ಳೋಣ ಎಂದಿತ್ತು. ಸಿಗಂದೂರಿನ 2.44 ಕಿಲೋಮೀಟರ್ ಸೇತುವೆ ದಾಟುವಾಗ, ಇದರ ಲೆಕ್ಕ ಹಾಕಿದವರು ಆ ಕೈಪಿಡಿಗಿಂತ ಮೊದಲು ಓದಿದವರಾಗಿರಲಿ ಎಂದು ದೇವಿಗೆ ಕೈ ಮುಗಿದೆ.

ಇತ್ತ 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಕಲೆ ಮತ್ತು ವಿಜ್ಞಾನದ ನಡುವೆ ಗೋಡೆ ಬೇಡ ಎನ್ನುತ್ತದೆ. ಎಷ್ಟು ಚೆಂದ. ಹೊಸನಗರದ ಕಡೆಯ ಹಳ್ಳಿ ಹುಡುಗಿ ಇತಿಹಾಸದ ಜೊತೆ ಗಣಿತ ಕೊಡಿ ಎಂದು ಕೇಳಲಿ ನೋಡೋಣ. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನ ವಿಭಾಗವೇ ಇದ್ದರೆ ಅವಳ ಪುಣ್ಯ. ಇದ್ದರೂ ಗಣಿತಕ್ಕೆ ಉಪನ್ಯಾಸಕರಿಲ್ಲದಿದ್ದರೆ ಅತಿಥಿ ಉಪನ್ಯಾಸಕರ ಆದೇಶ ಬರುವ ತನಕ ಕಾಯಬೇಕು. ದೂರದ ಕಾಲೇಜಿಗೆ ಹೋಗುತ್ತೇನೆಂದರೆ ಈ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಶಕ್ತಿ ಯೋಜನೆ ಅದರಲ್ಲಿ ನಡೆಯುವುದಿಲ್ಲ. ಸಂಜೆಯ ಕೊನೆ ಬಸ್ಸಿಗೆ ಯಾವ ಕಾಲೇಜು ಒಗ್ಗುತ್ತದೋ, ಅಲ್ಲಿ ಏನಿದೆಯೋ, ಅದೇ ಅವಳ ಕಾಂಬಿನೇಶನ್. ಇಷ್ಟಾದ ಮೇಲೆ ಯಾರೋ ವೇದಿಕೆ ಹತ್ತಿ ಹೆಣ್ಣುಮಕ್ಕಳ ಗಣಿತಭಯ ಹೋಗಲಾಡಿಸುವ ಭಾಷಣ ಮಾಡುತ್ತಾರೆ. ಭಯವಂತೆ! ಪಾಠ ಮಾಡುವವರೇ ಇಲ್ಲದ ವಿಷಯಕ್ಕೆ ಹೆದರುವುದಾದರೂ ಹೇಗೆ?

ಶಿಕ್ಷಣ ಸಚಿವರು ನಮ್ಮ ಸೊರಬದವರೇ. ಪಾಸಿಗೆ 35 ಇದ್ದದ್ದನ್ನು 33ಕ್ಕೆ ಇಳಿಸಿದ್ದಾಯಿತು, ಒಂದು ಆದೇಶದಲ್ಲಿ. ಲೆಕ್ಕದ ಮೇಷ್ಟ್ರನ್ನು ಕಳಿಸುವುದಕ್ಕೂ ಒಂದು ಆದೇಶ ಹೊರಡಿಸಿ ಸ್ವಾಮಿ, ಜೂನ್ ಒಳಗೆ.