ಕಪ್ಪು ಮರಳಿನ ಮೇಲೆ ಗ್ರೀಸ್

ಕಳೆದ ಭಾನುವಾರ ಪಕ್ಕದ ಮನೆ ಅಜ್ಜಿಯ ಜೊತೆ ಬೆತೆಲ್ಸ್ ಬೀಚಿಗೆ ಹೋಗಿದ್ದೆವು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಪಶ್ಚಿಮಕ್ಕೆ, ಕಬ್ಬಿಣ ಬೆರೆತ ಕಪ್ಪು ಮರಳಿನ ಕಡಲತೀರ. ಅಜ್ಜಿ ಒಂದು ದಿಬ್ಬ ತೋರಿಸಿ, "ಇಲ್ಲೇ ನಾನು ಗ್ರೀಸಿನವಳಾಗಿದ್ದೆ" ಎಂದರು. ಹಳೆಯ ಗ್ರೀಸಿನ ಯೋಧೆಯೊಬ್ಬಳ ಕಥೆಯ 'ಝೀನಾ' ಟಿವಿ ಧಾರಾವಾಹಿಯನ್ನು ಇಲ್ಲಿ ಚಿತ್ರೀಕರಿಸಿದಾಗ, ಗುಂಪಿನಲ್ಲಿ ನಿಲ್ಲುವ ಪಾತ್ರವಂತೆ. ಮೇಲೆ ಗೋಣಿಯಂಥ ಬಟ್ಟೆ, ಚಳಿಗೆ ಒಳಗೊಂದು ಸ್ವೆಟರ್, ಕೈಯಲ್ಲಿ ಖಾಲಿ ಬುಟ್ಟಿ.

ಮನೆಗೆ ಬಂದವನೇ ಹುಡುಕಿ ನೋಡಿದೆ. 1995ರಿಂದ 2001ರವರೆಗೆ 134 ಕಂತು. ಝೀನಾ ಗ್ರೀಕ್ ಪುರಾಣದಲ್ಲಿ ಇಲ್ಲವೇ ಇಲ್ಲ. 'ಹರ್ಕ್ಯುಲಿಸ್' ಧಾರಾವಾಹಿಗೆ ಕೆಟ್ಟವಳಾಗಿ ಬಂದು, ಆಮೇಲೆ ತನ್ನದೇ ಕಥೆ ಗಿಟ್ಟಿಸಿಕೊಂಡವಳು. ಯುದ್ಧದೇವತೆ ಏರಿಸ್ ಜೊತೆಗೂ ಜಗಳ, ಜೂಲಿಯಸ್ ಸೀಸರ್ ಜೊತೆಗೂ ಜಗಳ! ಆ ಪಾತ್ರ ಮಾಡಿದ ಲೂಸಿ ಲಾಲೆಸ್ ಇದೇ ಆಕ್ಲೆಂಡಿನ ಹುಡುಗಿ.

ನನಗೆ ನಮ್ಮೂರ ಬಯಲಾಟ ನೆನಪಾಯಿತು. ಕೊಯ್ಲು ಮುಗಿದ ಗದ್ದೆಯೇ ಅಲ್ಲಿ ಇಂದ್ರಲೋಕ. ಹಾಸ್ಯಗಾರ ದೂತನಾಗಿ ಬಂದು ದೇವೇಂದ್ರನ ಎದುರಿಗೇ ಕುಂದಾಪ್ರ ಕನ್ನಡದಲ್ಲಿ ಕುಂದಾಪುರದ ಬಸ್ಸಿನ ಸುದ್ದಿ ಹೇಳುತ್ತಿದ್ದ. ಯಾರಿಗೂ ಅದು ತಪ್ಪು ಅನ್ನಿಸುತ್ತಿರಲಿಲ್ಲ. ಈಗ ನಮ್ಮ ಟಿವಿಯ ಪುರಾಣ ನೋಡಿದರೆ ಬೇಜಾರಾಗುತ್ತದೆ. ಎಷ್ಟೋ ಧಾರಾವಾಹಿಗಳು ಹಿಂದಿಯಿಂದ ಡಬ್ ಆಗಿ ಬಂದವು. ಎಲ್ಲ ದೇವರಿಗೂ ಒಂದೇ ಅರಮನೆ, ಒಂದೇ ಬಿಗಿ ಮಾತು. ಇಲ್ಲಿ ನ್ಯೂಜಿಲೆಂಡಿನವರು ತಮ್ಮದಲ್ಲದ ಗ್ರೀಸನ್ನು ತಮ್ಮ ಮರಳಲ್ಲಿ ಕಟ್ಟಿಕೊಂಡರು. ನಮ್ಮಲ್ಲಿ ಕಿಷ್ಕಿಂಧೆ ಅಂತ ಜನ ಕೈಮುಗಿಯುವ ಆನೆಗುಂದಿಯೇ ಇದೆ, ಬಂಡೆ, ಹೊಳೆ, ಕೋತಿಗಳ ಸಮೇತ. ಒಂದು ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಗಬಹುದಲ್ವಾ?

ಆದರೂ ಒಂದು ಮಾತು ಒಪ್ಪಬೇಕು. 1999ರ ಒಂದು ಕಂತಿನಲ್ಲಿ ಝೀನಾ ಭಾರತಕ್ಕೆ ಬರುತ್ತಾಳೆ. ಕೃಷ್ಣ, ಹನುಮಂತ ಇಬ್ಬರೂ ಇದ್ದಾರೆ. ಹಿಂದೂ ಸಂಘಟನೆಗಳು ವಿರೋಧಿಸಿದ ಮೇಲೆ ಅದನ್ನು ಹಿಂದಕ್ಕೆ ಪಡೆದು, ಬದಲಾಯಿಸಿ ಮತ್ತೆ ತೋರಿಸಿದರು. ಗ್ರೀಕರ ದೇವರಾಜ ಝೀಯಸ್ ಬಂದಾಗ ಆರಾಮಾಗಿ ಒರಗಿಕೊಂಡಿದ್ದ ನಾನು, ಹನುಮಂತ ಬಂದ ಕೂಡಲೇ ನೆಟ್ಟಗೆ ಕೂತೆ. ಇದು ಬೇಡವಿತ್ತು ಅನ್ನಿಸಿತು. ಈ ಅಜ್ಜಿಗೆ ಝೀಯಸ್ ಬರೀ ಕಥೆ. ನಮ್ಮಮ್ಮ ಹನುಮಂತನಿಗೆ ಶನಿವಾರ ದೀಪ ಹಚ್ಚದೆ ಕಾಫಿ ಕುಡಿಯುವುದಿಲ್ಲ. ಊರಲ್ಲಿ ಧಾರಾವಾಹಿ ಮಾಡುವವರ ಹೆದರಿಕೆ ಸುಮ್ನೆ ಬಂದದ್ದಲ್ಲ.

ಅದೇ ಅಮ್ಮ, ಬಯಲಾಟದ ಹನುಮಂತ ಜನರ ನಡುವೆ ಹಾರಿ ಬಂದು ಅವಳ ಕೈಯಲ್ಲಿದ್ದ ನೆಲಗಡಲೆ ಪೊಟ್ಟಣ ಕಸಿದುಕೊಂಡಾಗ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಪೊಟ್ಟಣ ವಾಪಸ್ ಕೇಳಲಿಲ್ಲ.