ಬೆಕ್ಕಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬೇಡಿ

ಬೆಳಿಗ್ಗೆಯಿಂದ ಅದೇ ರೀಲ್. ಒಬ್ಬರಾದ ಮೇಲೊಬ್ಬರು ಕಳಿಸುತ್ತಲೇ ಇದ್ದಾರೆ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೂ ಬಂತು. "ನ್ಯೂಜಿಲೆಂಡಿನ ಒಂದು ದ್ವೀಪದಲ್ಲಿ ಒಂದೇ ಒಂದು ಬೆಕ್ಕು ಒಂದು ಜಾತಿಯ ಹಕ್ಕಿಯನ್ನೇ ತಿಂದು ಮುಗಿಸಿತು" ಅಂತ. ಹಿಂದೆ ಕಾಮಿಡಿ ಮ್ಯೂಸಿಕ್ಕು. ಕೆಳಗೆ ಸಾಲುಸಾಲಾಗಿ ನಗುವ ಮುಖಗಳು.

ನನಗೆ ನಗು ಬರಲಿಲ್ಲ. ವೆಲಿಂಗ್ಟನ್ನಿಗೆ ಬಂದ ಮೇಲೆ ನನಗೆ ಈ ಹಕ್ಕಿಗಳ ಹುಚ್ಚು ಎಷ್ಟು ಹತ್ತಿದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಇವತ್ತು ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಆ ಹಕ್ಕಿಯ ಹೆಸರು ಲಯಾಲ್ಸ್ ರೆನ್. ಗುಬ್ಬಚ್ಚಿಗಿಂತಲೂ ಚಿಕ್ಕದು. ಹಾರಲು ಬರುತ್ತಿರಲಿಲ್ಲ. ಇದ್ದಿದ್ದು ಸ್ಟೀಫನ್ಸ್ ದ್ವೀಪದಲ್ಲಿ. ನ್ಯೂಜಿಲೆಂಡಿನ ಎರಡು ದೊಡ್ಡ ದ್ವೀಪಗಳಲ್ಲಿ ಒಂದಾದ ದಕ್ಷಿಣ ದ್ವೀಪದ ಉತ್ತರ ತುದಿಯಾಚೆ ಸುಮಾರು 150 ಹೆಕ್ಟೇರಿನ ಜಾಗ ಅದು, ಅಷ್ಟೇ. 1894ರಲ್ಲಿ ಅಲ್ಲಿ ದೀಪಸ್ತಂಭ ಬಂತು. ಅದನ್ನು ನೋಡಿಕೊಳ್ಳುವವರು ಸಂಸಾರ ಸಮೇತ ಬಂದರು. ದನಕುರಿಗಾಗಿ ಕಾಡು ಕಡಿದರು. ಅವರ ಜೊತೆ ಬೆಕ್ಕೂ ಬಂತು. ದೀಪಸ್ತಂಭದ ಸಹಾಯಕ ಡೇವಿಡ್ ಲಯಾಲ್ ಈ ಹಕ್ಕಿಯನ್ನು ಜೀವಂತ ನೋಡಿದ್ದು ಎರಡೇ ಸಲ, ಎರಡೂ ಸಂಜೆ ಹೊತ್ತಿನಲ್ಲಿ. ಬಂಡೆಗಳ ಸಂದಿಯಲ್ಲಿ ಇಲಿ ಥರ ಓಡುತ್ತದೆ, ಕೋಲು ಕಲ್ಲು ಬೀಸುವಷ್ಟು ಹತ್ತಿರಕ್ಕೂ ಹೋಗಲು ಬಿಡುವುದಿಲ್ಲ ಎಂದು ಹೇಳಿದ್ದಾನೆ. ಜೀವಂತ ಹಕ್ಕಿಯ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ. ಉಳಿದದ್ದೆಲ್ಲ ಸತ್ತ ಹಕ್ಕಿ ನೋಡಿ ತಿಳಿದದ್ದು.

ಈಗ ರೀಲಿನವರು ಬಿಟ್ಟ ಭಾಗಕ್ಕೆ ಬರುತ್ತೇನೆ. ಬೆಕ್ಕು ಒಂದಲ್ಲ. 2004ರಲ್ಲಿ ಇಬ್ಬರು ಸಂಶೋಧಕರು ಹಳೆ ಪತ್ರ, ದಾಖಲೆ ಎಲ್ಲ ಕೆದಕಿ ನೋಡಿ ಪ್ರಕಟಿಸಿದ್ದಾರೆ. ದ್ವೀಪದ ತುಂಬ ಬೆಕ್ಕುಗಳಾಗಿದ್ದವು. ಕೊನೆಯ ಬೆಕ್ಕನ್ನು ಅಲ್ಲಿಂದ ತೆಗೆಯಲು 1925ರವರೆಗೆ ಬೇಕಾಯಿತು. ಅದು ಹೋಗಲಿ. ಬೆಕ್ಕು ಹಿಡಿದು ತಂದ ಸತ್ತ ಹಕ್ಕಿಗಳು ಎಲ್ಲಿಗೆ ಹೋದವು ಗೊತ್ತಾ? ಮಾರಾಟಕ್ಕೆ. ಹೆನ್ರಿ ಟ್ರಾವರ್ಸ್ ಎಂಬ ವ್ಯಾಪಾರಿಯಿಂದ ಇಂಗ್ಲೆಂಡಿನ ಶ್ರೀಮಂತ ವಾಲ್ಟರ್ ರಾತ್ಸ್‌ಚೈಲ್ಡ್ ಒಂಬತ್ತು ಹಕ್ಕಿ ಕೊಂಡ. ವಾಲ್ಟರ್ ಬುಲ್ಲರ್ ಎಂಬ ಇಲ್ಲಿನ ದೊಡ್ಡ ಪಕ್ಷಿತಜ್ಞನ ಕೈಗೂ ಒಂದು ಸಿಕ್ಕಿತ್ತು. ಯಾರು ಮೊದಲು ಹೆಸರಿಡಬೇಕು ಅಂತ ಅವರಿಬ್ಬರ ನಡುವೆ ಪೈಪೋಟಿ. ಹೆಸರಿಡುವ ಗೌರವಕ್ಕೆ ಇಷ್ಟೆಲ್ಲ ಓಡಾಡಿದರಲ್ಲ, ಇವರಲ್ಲಿ ಒಬ್ಬರಾದರೂ "ಮೊದಲು ಆ ಬೆಕ್ಕುಗಳನ್ನು ಹಿಡಿಸಿ" ಅಂತ ಹಠ ಹಿಡಿಯಬಾರದಿತ್ತಾ?

"ಆಗಿನ ಕಾಲದವರಿಗೆ ಏನು ಗೊತ್ತಿತ್ತು ಬಿಡಿ, ಪಾಪ" ಅಂತ ಗುಂಪಿನಲ್ಲಿ ಒಬ್ಬರು ಬರೆದರು. ಈ ಮಾತು ಕೇಳಿದರೆ ನನ್ನ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ. ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. 1895ರ ಮಾರ್ಚ್‌ನಲ್ಲೇ ಕ್ರೈಸ್ಟ್‌ಚರ್ಚಿನ "ದಿ ಪ್ರೆಸ್" ಪತ್ರಿಕೆ ಬರೆದಿತ್ತು: ಇಂಥ ದ್ವೀಪಗಳಿಗೆ ದೀಪಸ್ತಂಭದವರನ್ನು ಕಳಿಸುವಾಗ ಬೆಕ್ಕು ಒಯ್ಯಲು ಬಿಡಬೇಡಿ, ಬೇಕಿದ್ದರೆ ಸರ್ಕಾರದ ಖರ್ಚಿನಲ್ಲೇ ಇಲಿಬೋನು ಕೊಡಿ ಅಂತ. ದೀಪ ಹಚ್ಚಿದ ಮರುವರ್ಷ ಪತ್ರಿಕೆ ಓದುವ ಯಾರಿಗೇ ಆದರೂ ಗೊತ್ತಿದ್ದ ವಿಷಯ ಇದು.

ಇನ್ನೊಂದು ಸತ್ಯ ಇದಕ್ಕಿಂತ ಕಹಿ. ಈ ಪುಟಾಣಿ ಹಕ್ಕಿ ಒಂದು ಕಾಲದಲ್ಲಿ ನ್ಯೂಜಿಲೆಂಡಿನ ಎರಡೂ ದೊಡ್ಡ ದ್ವೀಪಗಳಲ್ಲಿತ್ತು. ಹಳೆಯ ಮೂಳೆಗಳು ಸಿಕ್ಕಿವೆ. ಸುಮಾರು 700 ವರ್ಷದ ಹಿಂದೆ ಪೆಸಿಫಿಕ್ ಸಾಗರದ ಪಾಲಿನೇಷ್ಯಾದಿಂದ ಈಗಿನ ಮಾವೊರಿಗಳ ಪೂರ್ವಜರು ಬಂದಾಗ ದೋಣಿಯಲ್ಲಿ ಕಿಯೋರೆ ಎಂಬ ಇಲಿಯೂ ಬಂತು. ಬಾವಲಿ ಬಿಟ್ಟರೆ ನೆಲದ ಮೇಲೆ ಒಂದೇ ಒಂದು ಸಸ್ತನಿ ಇರದಿದ್ದ ನಾಡಿದು. ಸುಮಾರು 8 ಕೋಟಿ ವರ್ಷ ಬೇರೆ ನೆಲದಿಂದ ದೂರ ಇದ್ದು, ಇಲ್ಲಿನ ಹಕ್ಕಿಗಳು ನೆಲದಲ್ಲೇ ಗೂಡು ಕಟ್ಟಿ, ಹಾರುವುದನ್ನೇ ಬಿಟ್ಟು ಬದುಕಿದ್ದವು. ಮೂಸಿಕೊಂಡು ಬಂದು ಮೊಟ್ಟೆ ತಿನ್ನುವ ಪ್ರಾಣಿಯಿಂದ ತಪ್ಪಿಸಿಕೊಳ್ಳುವುದು ಅವಕ್ಕೆ ಹೇಗೆ ಗೊತ್ತಿರಬೇಕು? ಮೋವಾ ಎಂಬ ಹಾರಲಾಗದ ಹಕ್ಕಿಗಳು, ಒಟ್ಟು ಒಂಬತ್ತು ಬಗೆ, ಒಂದೆರಡು ಶತಮಾನದೊಳಗೆ ಮುಗಿದವು. ಅವುಗಳ ಪೈಕಿ ದೊಡ್ಡದು ಕತ್ತೆತ್ತಿದರೆ ಮೂರೂವರೆ ಮೀಟರ್. ಮೋವಾ ಹೋದ ಮೇಲೆ ಅವನ್ನೇ ಹಿಡಿದು ತಿನ್ನುತ್ತಿದ್ದ ಹಾಸ್ಟ್ ಹದ್ದೂ ಹೋಯಿತು. ಸುಮಾರು 15 ಕಿಲೋ ತೂಗುತ್ತಿದ್ದ ಹದ್ದು!

ಇದನ್ನು ಹೇಳಿದ ಕೂಡಲೇ ಕೆಲವರು "ನೋಡಿ, ಮಾವೊರಿಗಳೂ ಅದನ್ನೇ ಮಾಡಿದರಲ್ವಾ" ಅಂತ ಶುರು ಮಾಡುತ್ತಾರೆ. ಮಾಡಿದರು, ಇಲ್ಲ ಅಂದವರು ಯಾರು? ಅವರೂ ಮನುಷ್ಯರೇ. ನಾನು ಹೇಳುತ್ತಿರುವುದೂ ಅದನ್ನೇ. ಮನುಷ್ಯ ಮಾಡಿದ್ದನ್ನು ಬೆಕ್ಕಿನ ತಲೆಗೆ ಕಟ್ಟಬೇಡಿ.

ಹುಯಿಯಾ ಕಥೆ ಕೇಳಿ. ಅಲ್ಲಿ ಬೆಕ್ಕು ಸಿಗುವುದಿಲ್ಲ ನಿಮಗೆ.

ಕಪ್ಪು ಹಕ್ಕಿ. ಬಾಲದ ತುದಿಯಲ್ಲಿ ಬಿಳಿ ಪಟ್ಟಿ. ಗಂಡಿನ ಕೊಕ್ಕು ಗಿಡ್ಡ, ಹೆಣ್ಣಿನದು ಉದ್ದ, ಕುಡುಗೋಲಿನ ಹಾಗೆ ಬಾಗಿರುತ್ತಿತ್ತು. ಅದರ ಗರಿ ಮಾವೊರಿ ನಾಯಕರು ಮುಡಿಯುವಂಥದ್ದು. ಆಮೇಲೆ ಬಿಳಿಯರ ಮನೆಯ ಶೋಕೇಸಿಗೂ, ಯೂರೋಪಿನ ಮ್ಯೂಸಿಯಂಗಳಿಗೂ ಬೇಕಾಯಿತು. 1883ರಲ್ಲಿ ಹನ್ನೊಂದು ಜನರ ಒಂದು ತಂಡ ಒಂದೇ ತಿಂಗಳಲ್ಲಿ 646 ಹುಯಿಯಾ ಚರ್ಮ ತಂದಿತು ಎಂದು ಅದೇ ಬುಲ್ಲರ್ ಬರೆದಿಟ್ಟಿದ್ದಾನೆ. ಅವನೇ ಇನ್ನೊಂದನ್ನೂ ಬರೆದಿದ್ದಾನೆ. ಮರದ ಮೇಲೆ ಒಂದು ಜೋಡಿ ಕೊಕ್ಕಿನಿಂದ ಒಂದನ್ನೊಂದು ಸವರುತ್ತಾ ಮುದ್ದು ಮಾಡುತ್ತಿದ್ದವಂತೆ. ಜೊತೆಗಿದ್ದವನು ಒಂದೇ ಗುಂಡಿಗೆ ಎರಡನ್ನೂ ಉರುಳಿಸಿದ. ಮನಸ್ಸಿಗೆ ಒಂಥರಾ ಆಯಿತು, ಹೊಡೆದದ್ದು ನಾನಲ್ಲವಲ್ಲ ಅಂತ ಸಮಾಧಾನವೂ ಆಯಿತು ಎನ್ನುತ್ತಾನೆ. ಆದರೆ ಎರಡೂ ಹಕ್ಕಿಯನ್ನು ಇಟ್ಟುಕೊಳ್ಳಲು ಹಿಂಜರಿಯಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಮರುಕ ಪಟ್ಟುಕೊಂಡೇ ಚೀಲಕ್ಕೆ ಹಾಕಿಕೊಳ್ಳುವ ಈ ಬುದ್ಧಿ ಇದೆಯಲ್ಲ, ಅದು ಯಾವ ಬೆಕ್ಕಿಗೂ ಇಲ್ಲ.

ಉತ್ತರ ದ್ವೀಪದ ತರಾರುವ ಬೆಟ್ಟಗಳ ಮಾವೊರಿ ನಾಯಕರು ಹುಯಿಯಾ ಕೊಲ್ಲಬಾರದು ಅಂತ ತಾವೇ ಕಟ್ಟು ಹಾಕಿದ್ದರು. ಗವರ್ನರ್ ಲಾರ್ಡ್ ಆನ್‌ಸ್ಲೋ ತನ್ನ ಮಗನಿಗೇ ಹುಯಿಯಾ ಅಂತ ಹೆಸರಿಟ್ಟ. 1892ರಲ್ಲಿ ಕಾನೂನಿನ ರಕ್ಷಣೆಯೂ ಸಿಕ್ಕಿತು. ಆದರೂ 1901ರಲ್ಲಿ ಇಂಗ್ಲೆಂಡಿನ ಯುವರಾಜ ಇಲ್ಲಿನ ರೊಟೊರುವಾ ಊರಿಗೆ ಬಂದಾಗ ಅವನ ಟೋಪಿಗೆ ಒಂದು ಹುಯಿಯಾ ಗರಿ ಸಿಕ್ಕಿಸಿದರು. ತಗೊಳ್ಳಿ, ಎಲ್ಲರಿಗೂ ಆ ಗರಿಯೇ ಬೇಕು. ಕಾನೂನು ಪುಸ್ತಕದಲ್ಲೇ ಉಳಿಯಿತು. ಖಚಿತವಾಗಿ ಕೊನೆಯ ಸಲ ಅದು ಕಂಡದ್ದು 1907ರ ಡಿಸೆಂಬರ್ 28ರಂದು. 2024ರಲ್ಲಿ ಆಕ್ಲೆಂಡಿನಲ್ಲಿ ಒಂದೇ ಒಂದು ಗರಿ 46,521 ನ್ಯೂಜಿಲೆಂಡ್ ಡಾಲರ್‌ಗೆ ಹರಾಜಾಯಿತು. ಹಕ್ಕಿ ಇಲ್ಲವಾದ ಮೇಲೂ ಅದರ ವ್ಯಾಪಾರ ನಿಂತಿಲ್ಲ ನೋಡಿ.

ಹುಯಿಯಾದ ದನಿ ಯಾರೂ ರೆಕಾರ್ಡ್ ಮಾಡಿಕೊಂಡಿಲ್ಲ. ಇರುವುದು ಹೆನಾರೆ ಹಾಮನ ಎಂಬ ಮಾವೊರಿ ಹಿರಿಯರ ಸಿಳ್ಳೆ ಮಾತ್ರ. 1909ರಲ್ಲಿ ಹುಯಿಯಾ ಹುಡುಕಲು ಹೋದ ತಂಡದಲ್ಲಿ ಇದ್ದವರು ಅವರು. ಹಕ್ಕಿಯನ್ನು ಕರೆಯಲು ಅದರ ದನಿಯನ್ನೇ ಕಲಿತಿದ್ದರು. 1949ರಲ್ಲಿ ಅವರ ಸಿಳ್ಳೆಯನ್ನು ಧ್ವನಿಮುದ್ರಣ ಮಾಡಿಕೊಂಡರು. ಕೇಳಲು ಕೂತರೆ ನನಗೆ ಅರ್ಧಕ್ಕೇ ಗಂಟಲು ಕಟ್ಟುತ್ತದೆ, ಪೂರ್ತಿ ಕೇಳಲು ಆಗುವುದಿಲ್ಲ. ಮನೆಯವರು "ಯಾಕೆ ಸುಮ್ನೆ ಹಾಕ್ಕೊಂಡು ಅಳ್ತೀಯಾ" ಅಂತಾರೆ. ಏನು ಉತ್ತರ ಕೊಡಲಿ?

ಈ ನಡುವೆ ಇನ್ನೊಂದು ಸಮಾಧಾನ ಶುರುವಾಗಿದೆ. "ಮೋವಾನ ವಾಪಸ್ ತರ್ತಾರಂತೆ, ಇನ್ಯಾಕೆ ಚಿಂತೆ?" ಅಮೆರಿಕದ ಕಂಪನಿಯೊಂದು 2025ರ ಜುಲೈನಲ್ಲಿ ಘೋಷಣೆ ಮಾಡಿದೆ, ಹೌದು. ಮೂಳೆಯಲ್ಲಿ ಉಳಿದ ಡಿಎನ್‌ಎ ಓದಿ, ಬದುಕಿರುವ ಬೇರೆ ಹಕ್ಕಿಯ ಜೀನ್ ತಿದ್ದಿ ಮೋವಾ ಥರದ್ದೊಂದನ್ನು ಮಾಡಬಹುದೇನೋ. ಅದು ಮೋವಾ ಆಗುವುದಿಲ್ಲ. ಆದರೂ ಅದನ್ನು ಬಿಡೋದೆಲ್ಲಿ? ಇಲಿ, ಮುಂಗುಸಿಯಂಥ ಸ್ಟೋಟ್, ಮರ ಹತ್ತುವ ಪಾಸಮ್, ಕಾಡು ಬೆಕ್ಕು ತುಂಬಿದ ಇದೇ ಕಾಡಿಗಾ? ಇದ್ದದ್ದನ್ನು ಉಳಿಸಿಕೊಳ್ಳಲು ಕೈ ಬಾರದವರು ಹೋದದ್ದನ್ನು ತರುತ್ತೇವೆ ಅಂದರೆ ನನಗೆ ನಂಬಿಕೆ ಬರುವುದಿಲ್ಲ.

2025ರ ನವೆಂಬರ್‌ನಲ್ಲಿ ಇಲ್ಲಿನ ಸರ್ಕಾರ ಕಾಡುಬಿದ್ದ ಬೆಕ್ಕುಗಳನ್ನೂ 2050ರೊಳಗೆ ತೆಗೆಯಬೇಕಾದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ನಮ್ಮವರಲ್ಲೇ ಬೆಕ್ಕು ಸಾಕಿದ ಗೆಳೆಯರಿಗೆ ಬೇಜಾರಾಗಿದೆ. ನನಗೂ ಬೆಕ್ಕೆಂದರೆ ಪ್ರೀತಿ. ಆದರೆ ನಾನು ಈ ನಿರ್ಧಾರದ ಪರ. ಬೆಕ್ಕು ತಪ್ಪು ಮಾಡಿದೆ ಅಂತಲ್ಲ. ಅದನ್ನು ತಂದು ಕಾಡಿಗೆ ಬಿಟ್ಟವರು ನಾವು, ಹಿಂದಕ್ಕೆ ಕರೆದುಕೊಳ್ಳಬೇಕಾದವರೂ ನಾವೇ. ಮನೆಯ ಬೆಕ್ಕನ್ನು ರಾತ್ರಿ ಒಳಗೆ ಕಟ್ಟಿ, ಮರಿ ಆಗದಂತೆ ಆಪರೇಷನ್ ಮಾಡಿಸಿ. ಅಷ್ಟಾದರೂ ಮಾಡಬಹುದಲ್ವಾ?

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನೂರು ವರ್ಷ ಹಿಂದಕ್ಕೂ ಹೋಗಬೇಕಿಲ್ಲ. 1964. ನ್ಯೂಜಿಲೆಂಡಿನ ತೆಂಕಣ ತುದಿಯ ಬಿಗ್ ಸೌತ್ ಕೇಪ್ ದ್ವೀಪ. ಹಡಗಿನ ಇಲಿಗಳು ಹತ್ತಿ ಎಲ್ಲಾ ಕಡೆ ಮುತ್ತಿದ್ದವು. ಇಲಿಯಿಂದ ಹಕ್ಕಿಗೆ ಏನೂ ಆಗುವುದಿಲ್ಲ, ಸುಮ್ಮನೆ ಗಮನಿಸೋಣ ಎಂದು ವಾದಿಸಿದ ವಿಜ್ಞಾನಿಗಳಿದ್ದರು! ವಾದ ಮುಗಿಯುವಷ್ಟರಲ್ಲಿ ದ್ವೀಪ ಅರ್ಧ ಖಾಲಿಯಾಗಿತ್ತು. ಅಲ್ಲಿದ್ದ ಸ್ನೈಪ್ ಹಕ್ಕಿಗಳಲ್ಲಿ ಎರಡನ್ನು ಹಿಡಿದರು, ಎರಡೂ ಸತ್ತವು. ಬುಷ್ ರೆನ್ ಎಂಬ ಪುಟ್ಟ ಹಕ್ಕಿ ಆರನ್ನು ಬೇರೆ ದ್ವೀಪಕ್ಕೆ ಒಯ್ದರು, ಅವೂ ಉಳಿಯಲಿಲ್ಲ. ಅಲ್ಲಿದ್ದ ದೊಡ್ಡ ಬಾವಲಿಯನ್ನು 1967ರ ನಂತರ ಯಾರೂ ನೋಡಿಲ್ಲ. ಒಂದೇ ದ್ವೀಪ, ಮೂರು ಜೀವ, ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲೇ.

ಅದೇ ದ್ವೀಪದಿಂದ 36 ಸ್ಯಾಡಲ್‌ಬ್ಯಾಕ್ ಹಕ್ಕಿಗಳನ್ನು ಹಿಡಿದು ಇಲಿಯಿಲ್ಲದ ಪಕ್ಕದ ದ್ವೀಪಗಳಿಗೆ ಸಾಗಿಸಿದರು. ಬ್ರಯನ್ ಬೆಲ್, ಡಾನ್ ಮರ್ಟನ್ ಮತ್ತು ಅವರ ಜೊತೆಗಾರರು. ದಕ್ಷಿಣ ದ್ವೀಪದ ಸ್ಯಾಡಲ್‌ಬ್ಯಾಕ್ ಇವತ್ತು ಎಷ್ಟಿವೆಯೋ ಅಷ್ಟೂ ಆ 36ರ ಸಂತಾನ. ಇದೇ ಮರ್ಟನ್ ಮುಂದೆ, ಲೋಕದಲ್ಲಿ ಐದೇ ಐದು ಉಳಿದಿದ್ದ ಚಾಥಮ್ ದ್ವೀಪಗಳ ಕಪ್ಪು ರಾಬಿನ್ ಹಕ್ಕಿಯನ್ನೂ ಉಳಿಸಿದರು. ಮರಿ ಮಾಡುತ್ತಿದ್ದ ಹೆಣ್ಣು ಅದರಲ್ಲಿ ಒಂದೇ. ಅದರ ಮೊಟ್ಟೆಗಳನ್ನು ಬೇರೆ ಹಕ್ಕಿಯ ಗೂಡಿನಲ್ಲಿಟ್ಟು ಮರಿ ಮಾಡಿಸಿದರು. ಈಗ ಇನ್ನೂರಕ್ಕೂ ಜಾಸ್ತಿ ಇವೆ.

ರೀಲ್ ಮಾಡುವುದಿದ್ದರೆ ಇವರ ಮೇಲೆ ಮಾಡಿ. ಆ ಬೆಕ್ಕಿನದ್ದನ್ನು ಮಾತ್ರ ನನಗೆ ಇನ್ನು ಕಳಿಸಬೇಡಿ.